ಎರೆಹೊಲದ ಬದುವಿನಲ್ಲಿ ಪಾಠ: ಮೂರರಿಂದ ಆರು ವರ್ಷದ ಮಕ್ಕಳಿಗೆ ಬಯಲು ಕಲಿಕೆ ನಡೆಸುವ ಬಗೆ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಅಂಗನವಾಡಿ ಅಥವಾ ಶಿಶುವಿಹಾರ ನಡೆಸುವವರ ಮುಂದೆ ಪ್ರಕೃತಿಯ ನಡುವಿನ ಕಲಿಕೆಯ ಮಾತೆತ್ತಿದರೆ, ‘ನಮ್ಮ ಕಡೆ ಅಡವಿ ಎಲ್ಲೈತ್ರಿ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಖಾನಾಪುರದ ಕಡೆಯಂತೆ ಇಲ್ಲಿ ದಟ್ಟ ಕಾಡಿಲ್ಲ, ವರ್ಷದ ಮಳೆಯೂ 600 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ ಎಂಬುದು ನಿಜ. ಆದರೆ ಈ ವಯಸ್ಸಿನ ಮಗುವಿಗೆ ಬೇಕಾಗಿರುವುದು ನಡೆದು ಹೋಗುವಷ್ಟು ಹತ್ತಿರದ ಒಂದು ಜಾಗ ಮತ್ತು ಅದೇ ಜಾಗಕ್ಕೆ ವಾರವಾರವೂ ಹೋಗುವ ಅವಕಾಶ. ವರ್ಷಕ್ಕೊಮ್ಮೆ ಬಸ್ಸು ಹತ್ತಿ ಆಲಮಟ್ಟಿಯ ಉದ್ಯಾನ ನೋಡಿ ಬರುವುದು ಸಂತೋಷದ ಸಂಗತಿಯೇ. ಆದರೂ ಒಂದೇ ಬೇವಿನ ಮರ ಮಾಗಿಯ ಚಳಿ ಮುಗಿಯುವಾಗ ಎಲೆ ಉದುರಿಸುವುದನ್ನು, ಯುಗಾದಿಯ ಹೊತ್ತಿಗೆ ಹೂ ಬಿಡುವುದನ್ನು, ಮಿರಗದ (ಮೃಗಶಿರಾ) ಮಳೆಯ ನಂತರ ಹಣ್ಣು ಚೆಲ್ಲುವುದನ್ನು ನೋಡಿದ ಮಗುವಿಗೆ ದಕ್ಕುವ ತಿಳಿವಳಿಕೆ ಆ ಒಂದು ದಿನದ ಪ್ರವಾಸದಿಂದ ದಕ್ಕುವುದಿಲ್ಲ.

ಜಾಗದ ಆಯ್ಕೆ

ಹತ್ತು ನಿಮಿಷದ ನಡಿಗೆಯೊಳಗೆ ನೆರಳಿನ ಒಂದು ಮರ, ಸ್ವಲ್ಪ ಬರಿನೆಲ, ಒಂದೆಡೆ ನಿಂತರೆ ಎಲ್ಲ ಮಕ್ಕಳೂ ಕಣ್ಣಿಗೆ ಬೀಳುವಷ್ಟು ಬಯಲು ಇದ್ದರೆ ಸಾಕು. ಊರ ಗುಡಿಯ ಹಿಂದಿನ ಬನ್ನಿಮರದ ಕಟ್ಟೆ, ಹುಣಸೆಮರವಿರುವ ಹೊಲದ ಬದು, ನೀರಿಲ್ಲದ ಕಾಲದ ಸಣ್ಣ ಹಳ್ಳದ ದಂಡೆ, ಶಾಲೆಯ ಹಿತ್ತಲು ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಹೊಲವಾದರೆ ಮಾಲೀಕರ ಅನುಮತಿ ಪಡೆಯುವುದರ ಜೊತೆಗೆ, ಯಾವಾಗ ಔಷಧ ಹೊಡೆದಿದ್ದಾರೆ ಎಂಬುದನ್ನೂ ಪ್ರತಿ ಸಲ ಕೇಳಬೇಕು. ದ್ರಾಕ್ಷಿ ತೋಟಗಳಿಗೆ ಪದೇ ಪದೇ ಸಿಂಪರಣೆ ನಡೆಯುವುದರಿಂದ ಅವುಗಳೊಳಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯದಿರುವುದೇ ಒಳಿತು.

ಮಕ್ಕಳನ್ನು ಕರೆದೊಯ್ಯುವ ಮೊದಲು ಶಿಕ್ಷಕಿ ಒಬ್ಬರೇ ಹೋಗಿ ಜಾಗವನ್ನು ಸುತ್ತಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರತೆಗೆದದ್ದು ನಾಡಿಗೆಲ್ಲ ಗೊತ್ತು. ಬಾಯಿ ಮುಚ್ಚದ ಕೊಳವೆಬಾವಿ, ಕಟ್ಟೆಯಿಲ್ಲದ ಹಾಳು ಬಾವಿ, ಕಾಲುವೆ, ಕೃಷಿಹೊಂಡ ಇವುಗಳಲ್ಲಿ ಒಂದಾದರೂ ಸಮೀಪದಲ್ಲಿದ್ದರೆ ಆ ಜಾಗವನ್ನು ಕೈಬಿಡಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದ ಇಳಿಜಾರು ಎಷ್ಟು ಜಾರುತ್ತದೆಂದರೆ ಒಳಗೆ ಬಿದ್ದ ದೊಡ್ಡವರಿಗೂ ಹತ್ತಿ ಬರಲಾಗುವುದಿಲ್ಲ. ಚೇಳುಗಳಿಗೆ ಮನೆಯಾಗಿರುವ ಕಲ್ಲಿನ ಗುಡ್ಡೆ, ತುರಿಕೆ ಮತ್ತು ಅಲರ್ಜಿ ತರುವ ಕಾಂಗ್ರೆಸ್ ಕಸ ಎಲ್ಲಿವೆ ಎಂದು ಗುರುತಿಸಿ, ಕಸವನ್ನು ದೊಡ್ಡವರೇ ಕೈಗವಸು ಹಾಕಿಕೊಂಡು ಹೂ ಬಿಡುವ ಮೊದಲೇ ಕಿತ್ತುಹಾಕಬೇಕು.

ಹೊತ್ತು, ಜನ, ನಡಾವಳಿ

ಜೂನ್‌ನಿಂದ ಫೆಬ್ರುವರಿಯವರೆಗೆ ಬೆಳಗಿನ ಯಾವ ಹೊತ್ತಾದರೂ ಸರಿ. ಮಾರ್ಚ್ ಬಂದ ಮೇಲೆ ಒಂಬತ್ತು ಗಂಟೆಯೊಳಗೆ ಮರಳಿ ಬಂದಿರಬೇಕು. ಆರೇಳು ಮಕ್ಕಳಿಗೆ ಒಬ್ಬ ದೊಡ್ಡವರಾದರೂ ಇರಲಿ. ಸಹಾಯಕಿ ಜೊತೆಗಿದ್ದರೂ ಸಾಲದಿದ್ದರೆ ಊರಿನ ಒಬ್ಬಿಬ್ಬರು ಅಜ್ಜಿಯರನ್ನು ಕರೆಯುವುದು ಬಹಳ ಉಪಯುಕ್ತ. ಯಾವ ಸೊಪ್ಪನ್ನು ತಿನ್ನಬಹುದು, ಯಾವ ಮುಳ್ಳು ನಂಜೇರುತ್ತದೆ, ಯಾವ ಮೋಡ ಮಳೆ ತರುತ್ತದೆ ಎಂಬ ವಿಷಯದಲ್ಲಿ ಅವರ ಅರಿವು ತರಬೇತಿ ಕೈಪಿಡಿಗಳಿಗಿಂತ ಆಳವಾದದ್ದು. ಕುಡಿಯುವ ನೀರು, ಮುಚ್ಚಿದ ಚಪ್ಪಲಿ ಅಥವಾ ಬೂಟು, ತಲೆಗೊಂದು ಬಟ್ಟೆ, ಪ್ರಥಮ ಚಿಕಿತ್ಸೆಯ ಡಬ್ಬಿ, ಚಾರ್ಜ್ ಇರುವ ಮೊಬೈಲ್ ಜೊತೆಗಿರಬೇಕು.

ಜಾಗ ತಲುಪಿದೊಡನೆ ಸುಣ್ಣದ ಗೆರೆಯಿಂದಲೋ ಮರಕ್ಕೆ ಕಟ್ಟಿದ ಬಣ್ಣದ ಬಟ್ಟೆಯಿಂದಲೋ ಎಲ್ಲೆಯನ್ನು ತೋರಿಸಿ, ಗಂಟೆ ಬಾರಿಸಿದರೆ ಎಲ್ಲರೂ ಮರದ ಬುಡಕ್ಕೆ ಓಡಿ ಬರುವ ಆಟವನ್ನು ಎರಡು ಸಲ ಆಡಿಸಬೇಕು. ಆ ಮೇಲಿನ ಅರ್ಧ ಗಂಟೆ ಪೂರ್ತಿ ಮಕ್ಕಳದ್ದು. ಆಗ ಶಿಕ್ಷಕಿ ಎಷ್ಟು ಕಡಿಮೆ ಮಾತಾಡುತ್ತಾರೋ ಅಷ್ಟು ಹೆಚ್ಚು ಕಲಿಕೆ ನಡೆಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಅಕ್ಕೋರೇ, ಇದೇನ್ರಿ?’ ಎಂದು ಮಗು ಕಾಯಿಯೊಂದನ್ನು ಹಿಡಿದು ಬಂದರೆ ತಟ್ಟನೆ ಹೆಸರು ಹೇಳಿ ಮುಗಿಸದೆ, ‘ಎಲ್ಲಿ ಸಿಕ್ತವ್ವಾ? ಇಂಥಾದ್ದು ಅಲ್ಲಿ ಇನ್ನೂ ಅದಾವೇನು?’ ಎಂದು ಕೇಳಿದರೆ ಮಗು ಮತ್ತೆ ಓಡಿ ಹೋಗಿ ಇನ್ನಷ್ಟು ನೋಡಿ ಬರುತ್ತದೆ. ಹೆಸರನ್ನು ಹೊರಡುವ ಮುನ್ನ ಎಲ್ಲರೂ ಕೂತಾಗ ಹೇಳಬಹುದು.

ಮಣ್ಣು

ಈ ಸೀಮೆಯಲ್ಲಿ ಬಯಲು ಕಲಿಕೆಯ ಮುಖ್ಯ ಸಾಮಗ್ರಿ ಮಣ್ಣೇ. ಅದನ್ನು ಮುಟ್ಟಿಸುವ ಹಬ್ಬಗಳೂ ನಮ್ಮ ಪಂಚಾಂಗದಲ್ಲಿವೆ. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಮಣ್ಣಿನ ಎತ್ತು ಮತ್ತು ಗ್ವಾದಲಿ (ಮೇವಿನ ತೊಟ್ಟಿ) ಮಾಡುವುದು, ಆಷಾಢದ ಮಂಗಳವಾರಗಳಂದು ಗುಳ್ಳವ್ವನ ಮಣ್ಣಿನ ಗೊಂಬೆ ಮಾಡುವುದು ಮನೆಮನೆಯ ರೂಢಿ. ಪೇಟೆಯಿಂದ ಸಿದ್ಧ ಎತ್ತುಗಳನ್ನು ತರುವ ಬದಲು, ಮಣ್ಣು ತರುವುದರಿಂದಲೇ ಕೆಲಸ ಆರಂಭಿಸಬೇಕು. ಹುತ್ತದ ಬಳಿ ಹಾವಿರುವ ಸಾಧ್ಯತೆ ಇರುವುದರಿಂದ ಅಲ್ಲಿಯ ಮಣ್ಣು ಬೇಡ. ಕೆರೆಯ ಅಥವಾ ಹೊಲದ ಕಪ್ಪು ಎರೆಮಣ್ಣನ್ನು ದೊಡ್ಡವರು ಅಗೆದು ಕೊಡಲಿ. ಹರಳು ಆರಿಸುವುದು, ನೀರು ಹಾಕಿ ನೆನೆಸುವುದು, ತುಳಿಯುವುದು, ನಾದುವುದು ಮಕ್ಕಳ ಕೆಲಸ. ನೀರು ಹೆಚ್ಚಾದರೆ ಕೋಡು ನಿಲ್ಲುವುದಿಲ್ಲ, ಕಡಿಮೆಯಾದರೆ ಕಾಲು ಬಿರಿಯುತ್ತದೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕೆಲವು ಮನೆಗಳಲ್ಲಿ ಈ ಗೊಂಬೆಗಳನ್ನು ಗುಲಗಂಜಿಯಿಂದ ಅಲಂಕರಿಸುತ್ತಾರೆ. ಅಗಿದು ನುಂಗಿದರೆ ಗುಲಗಂಜಿ ಪ್ರಾಣಕ್ಕೇ ಎರವಾಗುವ ವಿಷ. ಅದರ ಬದಲು ಜೋಳದ ಇಲ್ಲವೇ ಕುಸುಬಿಯ ಕಾಳನ್ನು ಕೊಡಿ.

ಎರೆ ಮತ್ತು ಮಸಾರಿ (ಕೆಂಪು ಮಣ್ಣು) ಎರಡೂ ಸಿಗುವ ಊರುಗಳಲ್ಲಿ ಹೋಲಿಕೆಯ ಆಟ ಆಡಿಸಬಹುದು. ತಳದಲ್ಲಿ ತೂತಿರುವ ಎರಡು ತೆಂಗಿನ ಚಿಪ್ಪುಗಳಲ್ಲಿ ಒಂದೊಂದು ಬಗೆಯ ಮಣ್ಣು ತುಂಬಿ, ಒಂದೇ ಲೋಟದಿಂದ ಸಮನಾಗಿ ನೀರು ಹೊಯ್ದು, ಯಾವುದರಿಂದ ಮೊದಲು ಹನಿ ಬೀಳುತ್ತದೆ ಎಂದು ಮಕ್ಕಳನ್ನು ಮುಂಚೆಯೇ ಕೇಳಿ, ಆಮೇಲೆ ನೋಡಲು ಬಿಡಬೇಕು. ಮಸಾರಿ ನೀರನ್ನು ಬೇಗ ಇಳಿಬಿಡುತ್ತದೆ. ಹಸಿಯಾಗಿ ಉಬ್ಬಿದ ಎರೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿನಲ್ಲಿ ಮಳೆ ನಿಂತ ಮೇಲೂ ಎರೆಹೊಲದಲ್ಲಿ ಬಿಳಿಜೋಳ ಬೆಳೆಯುವುದು ಈ ಗುಣದಿಂದಲೇ. ಅದೇ ಮಣ್ಣು ಒಣಗಿದಾಗ ಕುಗ್ಗಿ ಬಿರಿಯುವುದರಿಂದ, ಸುಗ್ಗಿಯ ನಂತರ ಬಿರುಕಿಗೆ ಜೋಳದ ದಂಟು ಇಳಿಬಿಟ್ಟು, ಮಣ್ಣು ಮೆತ್ತಿದ ಗುರುತಿನವರೆಗೆ ಎಷ್ಟು ಗೇಣು ಎಂದು ಅಳೆಯಿಸಬಹುದು. ಕೈಯನ್ನು ಮಾತ್ರ ಬಿರುಕಿನೊಳಗೆ ಹಾಕಗೊಡಬಾರದು.

ಬೀಜ ಮತ್ತು ಜೀವಿಗಳು

ಜೋಳ, ಕಡಲೆ, ಹೆಸರು ಮೂರನ್ನೂ ಅಕ್ಕಪಕ್ಕದಲ್ಲಿ ಊರಿಸಿದರೆ ಮಕ್ಕಳ ಕಣ್ಣಿಗೆ ಒಳ್ಳೆಯ ಕೆಲಸ ಸಿಗುತ್ತದೆ. ಜೋಳ ಒಂದೇ ಎಸಳಾಗಿ ಮೇಲೇಳುತ್ತದೆ, ಹೆಸರು ತನ್ನ ಎರಡು ಬೇಳೆಗಳನ್ನು ನೆಲದ ಮೇಲೆ ಹೊತ್ತು ತರುತ್ತದೆ, ಕಡಲೆ ಬೇಳೆಯನ್ನು ನೆಲದೊಳಗೇ ಬಿಟ್ಟು ಕುಡಿಯನ್ನಷ್ಟೇ ಮೇಲೆ ಕಳಿಸುತ್ತದೆ. ಕಡಲೆಯ ಬೇಳೆ ಎಲ್ಲಿ ಹೋಯಿತೆಂದು ಮಗು ಕೇಳಿದರೆ ಒಂದು ಗಿಡವನ್ನು ಕಿತ್ತು ನೋಡಲು ಬಿಡಿ. ಅದಕ್ಕಾಗಿಯೇ ಬೀಜವನ್ನು ಹೆಚ್ಚಾಗಿ ಊರಿರಬೇಕು.

ಮೊದಲ ಜೋರು ಮಳೆಗಳ ನಂತರ ಮಖಮಲ್ಲಿನಂತೆ ಮಿನುಗುವ ಕೆಂಪು ಹುಳಗಳು ನೆಲದ ಮೇಲೆ ಹರಿದಾಡುತ್ತವೆ. ಅವು ನಿರುಪದ್ರವಿಗಳು. ಅಂಗೈಗೆ ತೆಗೆದುಕೊಳ್ಳುವ ಬದಲು ನೆಲದ ಮೇಲೆಯೇ ಅವುಗಳ ಕಾಲೆಣಿಸಿದರೆ ಜೇಡದಂತೆ ಎಂಟು ಸಿಗುತ್ತವೆ, ಇರುವೆಗೆ ಆರು. ಒಣ ತಿಂಗಳುಗಳಲ್ಲಿ ಗುಡಿಯ ಗೋಡೆಯ ಬುಡದ ಸಣ್ಣ ಧೂಳಿನಲ್ಲಿ ಆಲಿಕೆಯಾಕಾರದ ಕುಳಿ ತೋಡಿ ಇರುವೆಗೆ ಹೊಂಚು ಹಾಕುವ ಹುಳವನ್ನು ಎಷ್ಟು ಹೊತ್ತಾದರೂ ನೋಡಬಹುದು. ಗೀಜಗನ ಗೂಡು ತಾನಾಗಿ ಕೆಳಗೆ ಬಿದ್ದಿದ್ದರೆ ಮಾತ್ರ ಎತ್ತಿಕೊಳ್ಳಿ, ನೋಡಿದ ಮೇಲೆ ಎಲ್ಲರೂ ಕೈ ತೊಳೆಯಿರಿ.

ಎಳ್ಳ ಅಮಾವಾಸ್ಯೆಗೆ ಚರಗ (ಭೂತಾಯಿಗೆ ಅರ್ಪಿಸುವ ಎಡೆ) ಚೆಲ್ಲಲು ಊರೇ ಹೊಲಕ್ಕೆ ಹೋಗುತ್ತದೆ. ಮನೆಯವರೊಡನೆ ಹೋದ ಮಕ್ಕಳಿಂದ ಮರುದಿನ ಹೊಲದಲ್ಲಿ ಕಂಡದ್ದನ್ನು ಹೇಳಿಸಿದರೆ ಸಾಕು, ಬೇರೆ ಪಾಠ ಬೇಕಿಲ್ಲ. ಹೆತ್ತವರು ಜೊತೆಗೆ ಬರುವುದಾದರೆ ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಬರುವ ರಾಜಹಂಸಗಳನ್ನು ದೂರದಿಂದ ತೋರಿಸಬಹುದು.

ಅಪಾಯಗಳು

ದತ್ತೂರಿ, ಕಣಗಿಲೆ, ಔಡಲದ ಬೀಜ, ಬೇಲಿಯ ಕಾಡುಹರಳಿನ ಕಾಯಿ ಇವು ತಿಂದರೆ ವಿಷ. ಎಕ್ಕೆಯ ಹಾಲು ಕಣ್ಣಿಗೆ ಅಪಾಯಕಾರಿ. ಪಟ್ಟಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಬದಲು ‘ತೋರಿಸದೆ ತಿನ್ನಬಾರದು’ ಎಂಬ ಒಂದೇ ನಿಯಮವನ್ನು ತಿನ್ನುವಂಥ ಬಾರಿಹಣ್ಣಿಗೂ (ಬೋರೆಹಣ್ಣು) ಅನ್ವಯಿಸಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಇರಿಸಿ, ಮಗುವನ್ನು ನಡೆಸದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಚೇಳು ಕುಟುಕಿದಾಗಲೂ ಮಂತ್ರ, ನಾಟಿ ಔಷಧ ಎಂದು ಹೊತ್ತು ಕಳೆಯಬಾರದು, ಏಕೆಂದರೆ ಅದರ ವಿಷ ಚಿಕ್ಕ ಮಕ್ಕಳ ಹೃದಯಕ್ಕೆ ತೊಂದರೆ ಮಾಡಬಲ್ಲದು.

ಹೆತ್ತವರ ಆಕ್ಷೇಪ, ಬೇಸಿಗೆಯ ಏರ್ಪಾಡು

‘ಓದು ಬರಹ ಬಿಟ್ಟು ಮಣ್ಣಾಗ ಆಡಸ್ತೀರೇನ್ರಿ?’ ಎಂದು ಕೇಳುವ ತಾಯಂದಿರು ಇದ್ದೇ ಇರುತ್ತಾರೆ, ಅವರ ಆತಂಕ ಅಸಹಜವೂ ಅಲ್ಲ. ಮಣ್ಣು ನಾದಿ, ಕಾಳು ಹೆಕ್ಕಿ ಬಲಗೊಂಡ ಬೆರಳುಗಳೇ ಮುಂದೆ ಪೆನ್ಸಿಲ್ ಹಿಡಿಯುತ್ತವೆ ಎಂದು ಅವರಿಗೆ ವಿವರಿಸಬೇಕು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರ ಕಲಿಕೆಯನ್ನು ಆಟದ ಮೂಲಕವೇ ನಡೆಸಲು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಓಟ, ಜಿಗಿತದಂಥ ಚುರುಕಿನ ಚಟುವಟಿಕೆ ಇರಬೇಕು. ಇಷ್ಟಾದರೂ ಒಪ್ಪದ ತಾಯಿಯನ್ನು ಒಂದು ದಿನ ಜೊತೆಗೆ ಕರೆದೊಯ್ಯುವುದು ಎಲ್ಲಕ್ಕಿಂತ ಸುಲಭದ ದಾರಿ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಹೊರಗೆ ಹೋಗುವ ಹಟ ಬೇಡ. ಅಂಗಳದ ನೆರಳಿನ ಫರಸಿ ಕಲ್ಲಿನ ಮೇಲೆ ಒಂದಿಷ್ಟು ನೀರು ಚೆಲ್ಲಿ, ಅದರ ಅಂಚಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ನೀರು ಕುಗ್ಗಿದಂತೆಲ್ಲ ಹೊಸ ಗೆರೆ ಎಳೆಸುತ್ತ ಹೋದರೆ ನೀರು ಆರುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಹಕ್ಕಿಗಳಿಗಾಗಿ ಅಗಲಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರಿಡುವ ಪಾಳಿಯನ್ನೂ ಮಕ್ಕಳಿಗೇ ಹಂಚಬಹುದು. ಹಳೆಯ ನೀರಿನಲ್ಲಿ ಸೊಳ್ಳೆಮರಿ ಬೆಳೆಯುವುದರಿಂದ ಅದನ್ನು ದಿನವೂ ಗಿಡದ ಬುಡಕ್ಕೆ ಚೆಲ್ಲಿ, ಪಾತ್ರೆಯನ್ನು ಉಜ್ಜಿ, ಹೊಸ ನೀರು ತುಂಬಿಸಬೇಕು.