ಯೂನಿಪ್ರಾಟ್ ಮತ್ತು ಪಿಡಿಬಿ ಕ್ರಮಾಂಕಗಳ ನಡುವಿನ ವ್ಯತ್ಯಾಸ: ಜಾಲ್‌ವ್ಯೂನಲ್ಲಿ ಸರಿಪಡಿಸಿದ ಬಗೆ

ಮಾನವ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಅಮೈನೋ ಆಮ್ಲಗಳ ಅನುಕ್ರಮವನ್ನು ಜಾಲ್‌ವ್ಯೂ ಎಂಬ ಅನುಕ್ರಮ ವೀಕ್ಷಣೆಯ ತಂತ್ರಾಂಶದಲ್ಲೂ, ಪಿಡಿಬಿಯಲ್ಲಿ (ಪ್ರೋಟೀನ್‌ಗಳ ಮೂರು ಆಯಾಮದ ರಚನೆಗಳ ದತ್ತಸಂಚಯ) 1ಎ3ಎನ್ ಎಂಬ ಗುರುತಿರುವ ಹಿಮೋಗ್ಲೋಬಿನ್ ರಚನೆಯನ್ನು ಕೈಮೆರಾಎಕ್ಸ್ ಎಂಬ ರಚನಾ ವೀಕ್ಷಕದಲ್ಲೂ ಬೇರೆಬೇರೆಯಾಗಿ ತೆರೆದಿದ್ದೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ವ್ಯಾಲಿನ್ ಆಗಿ ಬದಲಾಗುವ, ಯೂನಿಪ್ರಾಟ್ (ಪ್ರೋಟೀನ್ ಅನುಕ್ರಮಗಳ ದತ್ತಸಂಚಯ) ಎಣಿಕೆಯ 7ನೆಯ ಸ್ಥಾನದ ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ರಚನೆಯಲ್ಲಿ 7 ಎಂದೇ ಹುಡುಕಿದರೆ ಪಕ್ಕದ ಅಮೈನೋ ಆಮ್ಲ ಆಯ್ಕೆಯಾಗುತ್ತಿತ್ತು. ಅದೂ ಗ್ಲುಟಮೇಟೇ ಆದ್ದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಯೂನಿಪ್ರಾಟ್ ಮೊದಲ ಮೆಥಿಯೊನಿನ್‌ನಿಂದ ಎಣಿಸಿದರೆ, ಈ ಪಿಡಿಬಿ ಕಡತ ಅದು ಕತ್ತರಿಸಿಹೋದ ನಂತರದ ವ್ಯಾಲಿನ್‌ನಿಂದ ಎಣಿಸುತ್ತದೆ.

ಇದನ್ನು ಸರಿಪಡಿಸಲೆಂದು ಫಾಸ್ಟಾ ಕಡತದಿಂದ (ಅನುಕ್ರಮವನ್ನು ಬರೆದಿಡುವ ಪಠ್ಯ ಕಡತ) ಮೆಥಿಯೊನಿನ್ ಅಳಿಸಿದಾಗ ಯೂನಿಪ್ರಾಟ್ ಟಿಪ್ಪಣಿಗಳು ಸ್ಥಾನ ತಪ್ಪಿದವು. ರಚನೆಗೆ ಹೊಸ ಕ್ರಮಾಂಕ ಕೊಟ್ಟರೆ ಪ್ರಕಟಿತ ಲೇಖನಗಳ ಸಂಖ್ಯೆಗಳೊಂದಿಗೆ ತಾಳೆಯಾಗುವುದಿಲ್ಲ.

ಫಲ ಕೊಟ್ಟದ್ದು ಯೂನಿಪ್ರಾಟ್ ಮತ್ತು ಪಿಡಿಬಿ ಸ್ಥಾನಗಳನ್ನು ಒಂದಕ್ಕೊಂದು ಜೋಡಿಸುವ ಸಿಫ್ಟ್ಸ್ ಹೊಂದಾಣಿಕೆ. ಮೊದಲು ಜಾಲ್‌ವ್ಯೂನ ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಸ್ಟ್ರಕ್ಚರ್ ಪುಟಕ್ಕೆ ಹೋಗಿ, ವೀಕ್ಷಕವಾಗಿ ಕೈಮೆರಾಎಕ್ಸನ್ನೂ ಅನುಕ್ರಮ-ರಚನೆ ಹೊಂದಿಸುವ ವಿಧಾನವಾಗಿ ಡೀಫಾಲ್ಟ್ ಬದಲು ಸಿಫ್ಟ್ಸನ್ನೂ ಆರಿಸಬೇಕು. ರಚನೆಯನ್ನು ತೆರೆಯುವ ಮುನ್ನವೇ ಇದನ್ನು ಮಾಡಬೇಕು. ಬಳಿಕ ಅನುಕ್ರಮವನ್ನು ಅಂಟಿಸದೆ, ಫೆಚ್ ಸೀಕ್ವೆನ್ಸಸ್ ಮೂಲಕ ಯೂನಿಪ್ರಾಟ್‌ನಿಂದಲೇ ಪಿ68871 ಎಂದು ತರಿಸಬೇಕು, ಏಕೆಂದರೆ ಸಿಫ್ಟ್ಸ್ ಆ ಗುರುತುಸಂಖ್ಯೆಯನ್ನೇ ಆಧರಿಸಿದೆ. ಕೊನೆಗೆ ಅನುಕ್ರಮದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ತ್ರೀಡಿ ಸ್ಟ್ರಕ್ಚರ್ ಡೇಟಾದಲ್ಲಿ 1ಎ3ಎನ್ ಆರಿಸಬೇಕು.

ಪರೀಕ್ಷೆಗೆ ಜಾಲ್‌ವ್ಯೂ ಅನುಕ್ರಮದ 9ನೆಯ ಸ್ಥಾನವೇ ಸೂಕ್ತ: ಅಲ್ಲಿ ಮೌಸ್ ಇಟ್ಟಾಗ ರಚನೆಯಲ್ಲಿ ಲೈಸಿನ್ 8 ಬೆಳಗಬೇಕು, ಸೆರಿನ್ 9 ಬೆಳಗಿದರೆ ಹೊಂದಾಣಿಕೆ ಇನ್ನೂ ಜಾರಿದೆ.