ರಾಬಿನ್ ಮತ್ತು ಪ್ಯಾಲೆಸ್ಟೀನ್ ರಾಷ್ಟ್ರ: ಚರ್ಚೆಗೆ ಇಳಿಯುವ ಮುನ್ನ

ಇಸ್ರೇಲಿನ ಮಾಜಿ ಪ್ರಧಾನಿ ಯಿತ್ಜಾಕ್ ರಾಬಿನ್ ಪ್ಯಾಲೆಸ್ಟೀನ್ ರಾಷ್ಟ್ರದ ಪರವಾಗಿದ್ದರೇ ಎಂಬ ಚರ್ಚೆ ಬಹುತೇಕ ಒಂದೇ ಜಾಗದಲ್ಲಿ ಹಳ್ಳ ಹಿಡಿಯುತ್ತದೆ. ಒಂದು ತಂಡ 1993ರಲ್ಲಿ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ (ಪಿಎಲ್‌ಒ) ನಾಯಕ ಯಾಸರ್ ಅರಾಫತ್ ಅವರ ಕೈ ಕುಲುಕಿದ ಚಿತ್ರವನ್ನು ಮುಂದಿಡುತ್ತದೆ, ಇನ್ನೊಂದು ತಂಡ 1988ರಲ್ಲಿ ಸೈನಿಕರ ಕೈಗೆ ಕೊಟ್ಟ ದೊಣ್ಣೆಯನ್ನು ನೆನಪಿಸುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಇಬ್ಬರೂ ‘ಅವರು ಬದುಕಿದ್ದಿದ್ದರೆ’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಅಲ್ಲಿಂದಾಚೆ ಯಾರೂ ಏನನ್ನೂ ಸಾಬೀತು ಮಾಡಲಾರರು. ಇದನ್ನು ತಪ್ಪಿಸುವ ಕೆಲಸ ವೇದಿಕೆ ಹತ್ತುವುದಕ್ಕೆ ಮೊದಲೇ, ಚರ್ಚಾವಿಷಯದ ವಾಕ್ಯ ಬರೆಯುವಾಗಲೇ ಆಗಬೇಕು.

ವಾಕ್ಯವನ್ನು ಮೂರು ಬಗೆಯಲ್ಲಿ ಬರೆಯಬಹುದು. ‘ರಾಬಿನ್ ಪ್ಯಾಲೆಸ್ಟೀನ್ ರಾಷ್ಟ್ರವನ್ನು ಬಯಸಿದ್ದರು’ ಎಂದರೆ ಚರ್ಚೆ ಅವರ ಮನಸ್ಸಿನ ಬಗ್ಗೆ. ‘ಬದುಕಿದ್ದರೆ ರಾಷ್ಟ್ರಕ್ಕೆ ಒಪ್ಪುತ್ತಿದ್ದರು’ ಎಂದರೆ ನಡೆಯದೇ ಹೋದ ಇತಿಹಾಸದ ಬಗ್ಗೆ. ‘1992ರಿಂದ 1995ರವರೆಗಿನ ರಾಬಿನ್ ನೀತಿ ಪ್ಯಾಲೆಸ್ಟೀನ್ ರಾಷ್ಟ್ರಕ್ಕೆ ದಾರಿ ತೆರೆಯಿತು’ ಎಂದರೆ ದಾಖಲೆ ಇರುವ ಕೆಲಸದ ಬಗ್ಗೆ. ಮೂರನೆಯದನ್ನೇ ಆರಿಸಿಕೊಳ್ಳಿ. ಕಾಲಾವಧಿಯನ್ನು ವಾಕ್ಯದೊಳಗೇ ಸೇರಿಸಿ, ಇಲ್ಲದಿದ್ದರೆ 1967ರ ಯುದ್ಧದ ಸೇನಾ ಮುಖ್ಯಸ್ಥ, 1974ರಿಂದ 1977ರವರೆಗಿನ ಪ್ರಧಾನಿ, 1984ರಿಂದ 1990ರವರೆಗಿನ ರಕ್ಷಣಾ ಸಚಿವ ಎಲ್ಲರೂ ಒಟ್ಟಿಗೆ ನುಗ್ಗಿ ಬರುತ್ತಾರೆ. ಆ ಹಳೆಯ ರಾಬಿನ್ ಹಿನ್ನೆಲೆಯಾಗಿ ಬರಲಿ, ಆದರೆ ತೀರ್ಪು 1992ರ ನಂತರದ ಕೆಲಸದ ಮೇಲೆ ಬೀಳಲಿ.

‘ರಾಷ್ಟ್ರ’ ಎಂದರೆ ಏನು ಎಂಬುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. 1933ರ ಮಾಂಟೆವಿಡಿಯೊ ಒಡಂಬಡಿಕೆಯ ನಾಲ್ಕು ಲಕ್ಷಣಗಳು ಸಾಕು: ಸ್ಥಿರ ಜನಸಂಖ್ಯೆ, ನಿಗದಿತ ಭೂಪ್ರದೇಶ, ಸರ್ಕಾರ, ಬೇರೆ ರಾಷ್ಟ್ರಗಳೊಡನೆ ಸಂಬಂಧ ಬೆಳೆಸುವ ಸಾಮರ್ಥ್ಯ. ಈ ಅಳತೆಗೋಲು ಇಲ್ಲದಿದ್ದರೆ ಪರ ತಂಡ ಪುರಸಭೆಯ ಅಧಿಕಾರವನ್ನೂ ರಾಷ್ಟ್ರವೆನ್ನುತ್ತದೆ, ವಿರೋಧ ತಂಡ ಸ್ವಂತ ವಾಯುಪಡೆ ಇಲ್ಲದ್ದು ರಾಷ್ಟ್ರವೇ ಅಲ್ಲವೆನ್ನುತ್ತದೆ.

ಸಿದ್ಧತೆಗೆ ನಾಲ್ಕು ಪುಟ

ಪ್ರತಿ ತಂಡವೂ ನಾಲ್ಕು ಪುಟಗಳಿಗೆ ‘ಹೇಳಿದ್ದು’, ‘ಸಹಿ ಹಾಕಿದ್ದು’, ‘ನೆಲದ ಮೇಲೆ ಮಾಡಿದ್ದು’, ‘ಆಮೇಲೆ ಬೇರೆಯವರು ಮಾಡಿದ್ದು’ ಎಂದು ತಲೆಬರಹ ಕೊಟ್ಟುಕೊಳ್ಳಲಿ. ಸಿಕ್ಕ ಪ್ರತಿ ಸಂಗತಿಯೂ ಇವುಗಳಲ್ಲಿ ಒಂದೇ ಪುಟಕ್ಕೆ ಹೋಗಬೇಕು. ಚರ್ಚೆಯಲ್ಲಿ ಆಗುವ ಗೊಂದಲದ ಅರ್ಧ ಪಾಲು ನಾಲ್ಕನೇ ಪುಟದ್ದನ್ನು ಎರಡನೇ ಪುಟಕ್ಕೆ ಬರೆದುಕೊಂಡದ್ದರಿಂದ ಬರುತ್ತದೆ. ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ನಾಯಕರ ಕ್ಯಾಂಪ್ ಡೇವಿಡ್ ಶೃಂಗಸಭೆ ನಡೆದದ್ದು 2000ದ ಜುಲೈನಲ್ಲಿ, ಇಸ್ರೇಲಿನ ಪರ ಕುಳಿತಿದ್ದವರು ಆಗಿನ ಪ್ರಧಾನಿ ಎಹುದ್ ಬರಾಕ್. ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಮುಂದಿಟ್ಟ ಶಾಂತಿ ಸೂತ್ರಗಳು ಅದೇ ವರ್ಷದ ಡಿಸೆಂಬರಿನವು. ರಾಬಿನ್ ಅವರ ಲೇಬರ್ ಪಕ್ಷ ತನ್ನ ಕಾರ್ಯಕ್ರಮದಿಂದ ಪ್ಯಾಲೆಸ್ಟೀನ್ ರಾಷ್ಟ್ರಕ್ಕಿದ್ದ ವಿರೋಧವನ್ನು ಕೈಬಿಟ್ಟದ್ದು 1996ರಲ್ಲಿ, ಅಂದರೆ ರಾಬಿನ್ ತೀರಿಕೊಂಡ ಮೇಲೆ. ಇವುಗಳಲ್ಲಿ ಯಾವುದನ್ನೂ ಅವರ ಖಾತೆಗೆ ಬರೆಯುವಂತಿಲ್ಲ.

‘ಹೇಳಿದ್ದು’ ಪುಟದ ಮುಖ್ಯ ದಾಖಲೆ 1995ರ ಅಕ್ಟೋಬರ್ 5ರಂದು ಇಸ್ರೇಲಿನ ಸಂಸತ್ತಾದ ಕ್ನೆಸೆಟ್‌ನಲ್ಲಿ, ಪಿಎಲ್‌ಒ ಜತೆಗಿನ ಎರಡನೇ ಓಸ್ಲೊ ಒಪ್ಪಂದಕ್ಕೆ ಅನುಮೋದನೆ ಕೇಳುತ್ತ ಅವರು ಮಾಡಿದ ಭಾಷಣ. ಪ್ಯಾಲೆಸ್ಟೀನಿಯರದ್ದು ‘ರಾಷ್ಟ್ರಕ್ಕಿಂತ ಕಡಿಮೆಯ ಒಂದು ಘಟಕ’ವಾಗಿರಬೇಕು, ತನ್ನ ಅಧಿಕಾರದಡಿ ಇರುವ ಪ್ಯಾಲೆಸ್ಟೀನಿಯರ ಬದುಕನ್ನು ಅದು ಸ್ವತಂತ್ರವಾಗಿ ನಡೆಸಬೇಕು ಎಂದು ಅವರು ಅಲ್ಲಿ ಹೇಳಿದರು. 1967ರ ಜೂನ್ 4ರ, ಅಂದರೆ ಯುದ್ಧಕ್ಕೆ ಮುಂಚಿನ, ಗಡಿಗೆ ಮರಳುವುದಿಲ್ಲ, ಆಕ್ರಮಿತ ನೆಲದ ಯೆಹೂದಿ ವಸಾಹತುಗಳಾದ ಮಾಲೆ ಅದುಮಿಮ್ ಮತ್ತು ಗಿವಾತ್ ಝೀವ್ ಒಳಗೊಂಡ ಅಖಂಡ ಜೆರುಸಲೇಮ್ ಇಸ್ರೇಲಿನ ರಾಜಧಾನಿಯಾಗಿಯೇ ಇರುತ್ತದೆ, ಇಸ್ರೇಲಿನ ಭದ್ರತಾ ಗಡಿ ಜೋರ್ಡನ್ ಕಣಿವೆಯಲ್ಲಿ, ಆ ಮಾತಿನ ಅತ್ಯಂತ ವಿಶಾಲ ಅರ್ಥದಲ್ಲಿ, ಇರುತ್ತದೆ ಎಂದರು. ಇದಾಗಿ ಒಂದು ತಿಂಗಳಿಗೆ, ನವೆಂಬರ್ 4ರಂದು, ಟೆಲ್ ಅವೀವ್‌ನ ಶಾಂತಿ ಸಭೆಯಿಂದ ಹೊರಡುವಾಗ ಅವರ ಹತ್ಯೆಯಾಯಿತು. ಹಾಗಾಗಿ ಅಂತಿಮ ಇತ್ಯರ್ಥದ ಬಗ್ಗೆ ಅವರು ಸಂಸತ್ತಿನ ಮುಂದೆ ವಿವರವಾಗಿ ಬಿಡಿಸಿಟ್ಟ ಕೊನೆಯ ಚಿತ್ರ ಇದೇ.

ಎರಡೂ ತಂಡಗಳು ಈ ಭಾಷಣದ ಆ ಭಾಗವನ್ನು ಪೂರ್ತಿ ಓದಿಕೊಂಡೇ ಬರಬೇಕು. ಪರ ತಂಡ ‘ಸ್ವತಂತ್ರವಾಗಿ ನಡೆಸಬೇಕು’ ಎಂಬ ತುಂಡನ್ನು, ವಿರೋಧ ತಂಡ ‘ರಾಷ್ಟ್ರಕ್ಕಿಂತ ಕಡಿಮೆ’ ಎಂಬ ತುಂಡನ್ನು ಮಾತ್ರ ಎತ್ತಿಕೊಂಡರೆ, ಒಂದೇ ವಾಕ್ಯದ ಎರಡು ಕಾಲು ಹಿಡಿದು ಎಳೆದಾಡಿದಂತೆ. ನಿರ್ಣಾಯಕರು ಇದಕ್ಕೆ ಅಂಕ ಕಳೆಯಬೇಕು.

ಸಹಿಗಳ ವಿಷಯದಲ್ಲಿ ಎಡವುವ ಜಾಗಗಳು

1993ರ ಸೆಪ್ಟೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ತತ್ವಗಳ ಘೋಷಣೆಗೆ (ಮೊದಲ ಓಸ್ಲೊ ಒಪ್ಪಂದ) ರಾಬಿನ್ ಮತ್ತು ಅರಾಫತ್ ಸಹಿ ಹಾಕಿದರು ಎನ್ನುವವರು ಬಹಳ. ಹಾಕಿದವರು ಇಸ್ರೇಲಿನ ವಿದೇಶಾಂಗ ಸಚಿವ ಶಿಮೊನ್ ಪೆರೆಸ್ ಮತ್ತು ಪಿಎಲ್‌ಒ ಪರವಾಗಿ ಮಹಮೂದ್ ಅಬ್ಬಾಸ್. ರಾಬಿನ್ ಮತ್ತು ಅರಾಫತ್ ಕೈ ಕುಲುಕಿದರು. ರಾಬಿನ್ ಸಹಿ ಇರುವುದು ಅದಕ್ಕಿಂತ ಮೊದಲಿನ, ಸೆಪ್ಟೆಂಬರ್ 9ರ ದಿನಾಂಕದ ಪತ್ರದಲ್ಲಿ. ಚರ್ಚೆಗೆ ಆ ಪತ್ರವೇ ಹೆಚ್ಚು ತೂಕದ್ದು. ಅರಾಫತ್ ತಮ್ಮ ಪತ್ರದಲ್ಲಿ ಇಸ್ರೇಲ್ ರಾಷ್ಟ್ರಕ್ಕೆ ಶಾಂತಿ ಮತ್ತು ಭದ್ರತೆಯಿಂದ ಇರುವ ಹಕ್ಕಿದೆ ಎಂದು ಒಪ್ಪಿಕೊಂಡರು. ರಾಬಿನ್ ಉತ್ತರ ಒಂದೇ ವಾಕ್ಯ: ಪಿಎಲ್‌ಒ ಪ್ಯಾಲೆಸ್ಟೀನ್ ಜನರ ಪ್ರತಿನಿಧಿ ಎಂದು ಇಸ್ರೇಲ್ ಸರ್ಕಾರ ಮಾನ್ಯ ಮಾಡುತ್ತದೆ, ಅದರೊಡನೆ ಮಾತುಕತೆ ಆರಂಭಿಸುತ್ತದೆ. ಒಂದು ಕಡೆ ರಾಷ್ಟ್ರಕ್ಕೆ ಮಾನ್ಯತೆ, ಇನ್ನೊಂದು ಕಡೆ ಸಂಘಟನೆಗೆ ಮಾನ್ಯತೆ. ಈ ಅಸಮತೆ ವಿರೋಧ ತಂಡದ ಅತ್ಯಂತ ಗಟ್ಟಿ ವಾದ, ಆದರೆ ಬಹಳ ತಂಡಗಳು ಇದನ್ನು ಬಿಟ್ಟು ಭಾವುಕ ಮಾತಿಗೆ ಹೋಗುತ್ತವೆ. ಪರ ತಂಡ ಇದಕ್ಕೆ ಸಿದ್ಧವಾಗಿರಬೇಕಾದ ಉತ್ತರ ಹೀಗೆ: ಪ್ಯಾಲೆಸ್ಟೀನಿಯರು ತಮ್ಮದೇ ಪ್ರತಿನಿಧಿಯಿರುವ ಒಂದು ಜನತೆ ಎಂಬುದನ್ನು ಇಸ್ರೇಲಿನ ಪ್ರಧಾನಿಯೊಬ್ಬರು ಬರವಣಿಗೆಯಲ್ಲಿ ಒಪ್ಪಿದರು, 1993ರ ಜನವರಿಯವರೆಗೆ ಪಿಎಲ್‌ಒ ಜತೆ ಮಾತಾಡುವುದೇ ಇಸ್ರೇಲಿನ ಕಾನೂನಿನಲ್ಲಿ ಅಪರಾಧವಾಗಿತ್ತು.

1994ರ ಮೇ 4ರ ಗಾಜಾ–ಜೆರಿಕೊ ಒಪ್ಪಂದದ (ಆ ಎರಡು ಕಡೆ ಪ್ಯಾಲೆಸ್ಟೀನಿಯರ ಸೀಮಿತ ಸ್ವಯಮಾಡಳಿತಕ್ಕೆ ದಾರಿ ಮಾಡಿದ್ದು) ಬಗ್ಗೆ ಎರಡು ಮಾತು ಸಾಕು. ಸಮಯ ಕೊಡಬೇಕಾದದ್ದು 1995ರ ಸೆಪ್ಟೆಂಬರ್ 28ರ ಎರಡನೇ ಓಸ್ಲೊ ಒಪ್ಪಂದಕ್ಕೆ. ಇದಕ್ಕೆ ರಾಬಿನ್ ಮತ್ತು ಅರಾಫತ್ ಇಬ್ಬರೂ ಸಹಿ ಹಾಕಿದರು. ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ಮಾಡಿದ್ದು ಇದು. ಎ ವಲಯದಲ್ಲಿ ನಾಗರಿಕ ಆಡಳಿತ ಮತ್ತು ಪೊಲೀಸ್ ಎರಡೂ ಪ್ಯಾಲೆಸ್ಟೀನ್ ಕೈಯಲ್ಲಿ. ಬಿ ವಲಯದಲ್ಲಿ ನಾಗರಿಕ ಆಡಳಿತ ಪ್ಯಾಲೆಸ್ಟೀನಿನದು, ಭದ್ರತೆಯ ಮೇಲುಗೈ ಇಸ್ರೇಲಿನದು. ಸಿ ವಲಯ ಪೂರ್ತಿ ಇಸ್ರೇಲಿನ ಹಿಡಿತದಲ್ಲಿ.

ಅಂಕಿಗಳಲ್ಲಿ ಎಚ್ಚರ ಬೇಕು. ಸಿ ವಲಯ ಶೇ 60 ಎಂದು ಎಲ್ಲರೂ ಹೇಳುತ್ತಾರೆ. ಅದು 2000ದವರೆಗಿನ ನಂತರದ ಹಿಂತೆಗೆತಗಳಾದ ಮೇಲಿನ ಲೆಕ್ಕ. ರಾಬಿನ್ ಸಹಿ ಹಾಕಿದಾಗ ಎ ಸುಮಾರು ಶೇ 3, ಬಿ ಸುಮಾರು ಶೇ 24, ಉಳಿದ ಸುಮಾರು ಶೇ 73 ಸಿ ಆಗಿತ್ತು. ಪೂರ್ವ ಜೆರುಸಲೇಮ್ ಈ ಹಂಚಿಕೆಯಲ್ಲಿ ಇರಲೇ ಇಲ್ಲ. ಶೇ 3 ಎಂಬುದನ್ನು ವಿರೋಧ ತಂಡ ಹೇಳಿ ಕೂತುಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಅದೇ ಒಪ್ಪಂದದಲ್ಲಿ ಆರಾರು ತಿಂಗಳ ಅಂತರದಲ್ಲಿ ಇನ್ನೂ ಮೂರು ಹಂತದ ಹಿಂತೆಗೆತಕ್ಕೆ ಇಸ್ರೇಲ್ ಒಪ್ಪಿತ್ತು, ಪಶ್ಚಿಮ ದಂಡೆ ಮತ್ತು ಗಾಜಾ ಒಂದೇ ಭೂಪ್ರದೇಶ ಎಂದೂ ಬರೆದುಕೊಟ್ಟಿತ್ತು. ಹಾಗೆಂದು ಪರ ತಂಡ ಹಿಗ್ಗುವಂತಿಲ್ಲ. ಆ ಮೂರು ಹಂತಗಳಲ್ಲಿ ಎಷ್ಟು ಜಾಗ ಬಿಟ್ಟುಕೊಡಬೇಕೆಂಬ ಅಂಕಿ ಒಪ್ಪಂದದಲ್ಲಿರಲಿಲ್ಲ. ಜೆರುಸಲೇಮ್, ನಿರಾಶ್ರಿತರು, ವಸಾಹತುಗಳು, ಗಡಿ, ಭದ್ರತೆ ಇವೆಲ್ಲ 1996ರ ಮೇ 4ರೊಳಗೆ ಆರಂಭವಾಗಬೇಕಿದ್ದ ಅಂತಿಮ ಮಾತುಕತೆಗೆ ಮುಂದೂಡಲ್ಪಟ್ಟಿದ್ದವು.

ಇಲ್ಲಿ ಮಾಂಟೆವಿಡಿಯೊ ಅಳತೆಗೋಲು ಹಿಡಿದರೆ ಚಿತ್ರ ತಿಳಿಯಾಗುತ್ತದೆ. ಜನ ಇದ್ದರು. ಚುನಾಯಿತ ಮಂಡಳಿಗೆ ಒಪ್ಪಿಗೆ ಇತ್ತು, 1996ರ ಜನವರಿಯಲ್ಲಿ ಚುನಾವಣೆ ನಡೆಯಿತು. ಭೂಪ್ರದೇಶದ ಗೆರೆ ಎಳೆದಿರಲಿಲ್ಲ. ವಿದೇಶಾಂಗ ಸಂಬಂಧದ ಅಧಿಕಾರ ಮಂಡಳಿಗಿಲ್ಲ ಎಂದು ಒಪ್ಪಂದವೇ ಹೇಳಿತು, ಹೊರಗಿನ ಗಡಿಗಳ ಭದ್ರತೆ ಇಸ್ರೇಲಿನ ಬಳಿಯೇ ಉಳಿಯಿತು. ನಾಲ್ಕರಲ್ಲಿ ಎರಡು. ‘ದಾರಿ ತೆರೆಯಿತೇ’ ಎಂಬ ಪ್ರಶ್ನೆಗೆ ನಿಜವಾದ ವಾಗ್ವಾದ ಉಳಿದ ಎರಡರ ಮೇಲೆ ನಡೆಯಬೇಕು: ಅವನ್ನು ಮುಂದಕ್ಕೆ ತಳ್ಳಿದ್ದು ತೆರೆದಿಡುವುದಕ್ಕೋ, ಮುಚ್ಚಿಡುವುದಕ್ಕೋ?

ನೆಲದ ಮೇಲೆ ಮಾಡಿದ್ದು

ಈ ಪುಟ ಎರಡೂ ತಂಡಗಳಿಗೆ ಇರುಸುಮುರುಸು ತರುತ್ತದೆ, ಆದ್ದರಿಂದಲೇ ಉಪಯುಕ್ತ. 1992ರಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ರಾಬಿನ್ ಸರ್ಕಾರ ಹೊಸ ವಸಾಹತು ನಿರ್ಮಾಣಕ್ಕೆ ಕಡಿವಾಣ ಹಾಕಿತು. ಆದರೆ ಆಗಲೇ ಶುರುವಾಗಿದ್ದ ಸಾವಿರಾರು ಮನೆಗಳ ಕೆಲಸ ಮುಂದುವರಿಯಿತು, ಜೆರುಸಲೇಮ್ ಸುತ್ತಮುತ್ತ ಕಡಿವಾಣ ಅನ್ವಯಿಸಲಿಲ್ಲ, ಅವರ ಅವಧಿಯಲ್ಲಿ ವಸಾಹತುಗಳ ಜನಸಂಖ್ಯೆ ಏರುತ್ತಲೇ ಹೋಯಿತು. 1992ರ ಡಿಸೆಂಬರಿನಲ್ಲಿ 415 ಇಸ್ಲಾಮಿಸ್ಟ್ ಕಾರ್ಯಕರ್ತರನ್ನು ಲೆಬನಾನಿಗೆ ಗಡೀಪಾರು ಮಾಡಿದರು. 1993ರ ಮಾರ್ಚ್‌ನಲ್ಲಿ ಆಕ್ರಮಿತ ಪ್ರದೇಶಗಳಿಗೆ ದಿಗ್ಬಂಧನ ಹಾಕಿದರು.

1994ರ ಫೆಬ್ರವರಿ 25ರಂದು ಹೆಬ್ರಾನಿನ ಮಸೀದಿಯಲ್ಲಿ ವಸಾಹತುಗಾರ ಬಾರೂಕ್ ಗೋಲ್ಡ್‌ಸ್ಟೀನ್ ಪ್ರಾರ್ಥನೆಯಲ್ಲಿದ್ದ 29 ಪ್ಯಾಲೆಸ್ಟೀನಿಯರನ್ನು ಕೊಂದ. ಹೆಬ್ರಾನ್ ನಗರದೊಳಗಿನ ವಸಾಹತುಗಾರರನ್ನು ತೆರವು ಮಾಡುವ ಮಾತು ಸಂಪುಟದಲ್ಲೇ ಎದ್ದಿತು. ರಾಬಿನ್ ಮಾಡಲಿಲ್ಲ. ಏಪ್ರಿಲ್‌ನಲ್ಲಿ ಅಫುಲಾ ಮತ್ತು ಹದೇರಾದಲ್ಲಿ, ಅಕ್ಟೋಬರಿನಲ್ಲಿ ಟೆಲ್ ಅವೀವ್‌ನ ಡಿಜೆಂಗಾಫ್ ರಸ್ತೆಯ ಬಸ್ಸಿನಲ್ಲಿ, 1995ರ ಜನವರಿಯಲ್ಲಿ ಬೇತ್ ಲಿದ್‌ನಲ್ಲಿ ಹಮಾಸ್ ಮತ್ತು ಇಸ್ಲಾಮಿಕ್ ಜಿಹಾದ್ ಸಂಘಟನೆಗಳ ಆತ್ಮಹತ್ಯಾ ಬಾಂಬ್ ದಾಳಿಗಳು ನಡೆದವು. ಅಷ್ಟಾದರೂ ಅವರು ಮಾತುಕತೆ ಮುರಿಯಲಿಲ್ಲ. ಇವೆಲ್ಲವನ್ನೂ ದಿನಾಂಕದ ಕ್ರಮದಲ್ಲೇ ಹೇಳಿ. ಒಂದು ಕಡೆಯ ಸಾವುಗಳನ್ನು ಎಣಿಸಿ ಇನ್ನೊಂದು ಕಡೆಯದನ್ನು ‘ಹಿಂಸಾಚಾರ’ ಎಂದು ಒಂದೇ ಪದದಲ್ಲಿ ಮುಗಿಸುವ ಭಾಷಣವನ್ನು ಸಭೆ ನಂಬುವುದಿಲ್ಲ, ನಂಬಲೂ ಬಾರದು.

‘ಮೂಳೆ ಮುರಿಯಿರಿ’ ಎಂಬ ಮಾತನ್ನು ಉಲ್ಲೇಖ ಚಿಹ್ನೆಯೊಳಗೆ ಹಾಕಬೇಡಿ. ಆ ಮಾತನ್ನು ಅವರು ಅದೇ ಪದಗಳಲ್ಲಿ ಆಡಿದರೇ ಎಂಬುದು ವಿವಾದದ ವಿಷಯ, ಎದುರಾಳಿ ಅಷ್ಟನ್ನೇ ಹಿಡಿದು ನಿಮ್ಮ ಮೂರು ನಿಮಿಷ ತಿನ್ನುತ್ತಾರೆ. ಮೊದಲ ಇಂತಿಫಾದ (ಪ್ಯಾಲೆಸ್ಟೀನಿಯರ ದಂಗೆ) ವೇಳೆ, 1988ರ ಜನವರಿಯಲ್ಲಿ, ರಕ್ಷಣಾ ಸಚಿವರಾಗಿ ಬಲಪ್ರಯೋಗ ಮತ್ತು ಹೊಡೆತದ ನೀತಿಯನ್ನು ಅವರು ಸಾರ್ವಜನಿಕವಾಗಿ ಘೋಷಿಸಿದ್ದಕ್ಕೆ ವಿವಾದವಿಲ್ಲ. ಅಷ್ಟನ್ನು ಹೇಳಿದರೆ ಸಾಕು.

ವಾದ ಕಟ್ಟುವುದು

ತಂಡಕ್ಕೆ ಮೂವರು, ಮೊದಲಿಬ್ಬರಿಗೆ ಏಳೇಳು ನಿಮಿಷ, ಮೂರನೆಯವರಿಗೆ ಐದು. ಮೊದಲ ಭಾಷಣದ ಎರಡು ನಿಮಿಷ ವ್ಯಾಖ್ಯಾನಕ್ಕೆ, ಉಳಿದದ್ದು ‘ಸಹಿ ಹಾಕಿದ್ದು’ ಪುಟಕ್ಕೆ. ಎರಡನೆಯವರು ‘ನೆಲದ ಮೇಲೆ ಮಾಡಿದ್ದು’ ಮತ್ತು ಅಕ್ಟೋಬರ್ 5ರ ಭಾಷಣವನ್ನು ಎದುರಿಸಬೇಕು. ಪರ ತಂಡ ಆ ಭಾಷಣವನ್ನು ಎದುರಾಳಿ ಎತ್ತುವ ಮೊದಲೇ ತಾನೇ ಎತ್ತಲಿ. ಅಡಗಿಸಿಟ್ಟದ್ದು ಎದುರಾಳಿಯ ಬಾಯಲ್ಲಿ ಬಂದರೆ ಅದರ ತೂಕ ಹೆಚ್ಚುತ್ತದೆ.

ಪರ ತಂಡ ಎತ್ತಬಹುದಾದ ವಾದ: ಎರಡನೇ ಓಸ್ಲೊ ಒಪ್ಪಂದ ಕ್ನೆಸೆಟ್‌ನಲ್ಲಿ 61–59ರಲ್ಲಿ ಗೆದ್ದಿತು, ಅಷ್ಟು ತೆಳು ಬಹುಮತದ ನಾಯಕ ‘ರಾಷ್ಟ್ರ’ ಎಂಬ ಪದವನ್ನು ಬಾಯಿಬಿಟ್ಟು ಹೇಳುವ ಸ್ಥಿತಿ ಇರಲಿಲ್ಲ. ವಿರೋಧ ತಂಡದ ಉತ್ತರ: ಆ ತೆಳು ಬಹುಮತ ಮರುದಿನವೂ ಅಷ್ಟೇ ತೆಳುವಾಗಿರುತ್ತಿತ್ತು, ಜೋರ್ಡನ್ ಕಣಿವೆಯ ಬಗ್ಗೆ ಅವರು ಹೇಳಿದ್ದು ಮತ ಗಳಿಸಲೆಂದು ಆಡಿದ ಮಾತೂ ಅಲ್ಲ, 1967ರ ನಂತರ ಅವರ ಪಕ್ಷದ ಯಿಗಾಲ್ ಅಲ್ಲೋನ್ ರೂಪಿಸಿದ, ಆ ಕಣಿವೆಯನ್ನು ಇಸ್ರೇಲ್ ಉಳಿಸಿಕೊಳ್ಳಬೇಕೆಂಬ ಯೋಜನೆಯ ಮುಂದುವರಿಕೆ. ಈ ಎರಡು ವಾಕ್ಯಗಳ ನಡುವೆಯೇ ಒಳ್ಳೆಯ ಚರ್ಚೆ ಇದೆ. ಇಡೀ ಸ್ಪರ್ಧೆಯಲ್ಲಿ ಇದಕ್ಕಿಂತ ಹೆಚ್ಚು ಬೆಳೆಸಬಹುದಾದ ಜಾಗ ಇನ್ನೊಂದಿಲ್ಲ.

ಒಂದು ಹೋಲಿಕೆಯನ್ನು ವಿರೋಧ ತಂಡ ಅವಸರದಿಂದ ಬಳಸುತ್ತದೆ: 2009ರ ಜೂನ್ 14ರಂದು ಬಾರ್ ಇಲಾನ್ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ನೆತನ್ಯಾಹು ಸೇನಾರಹಿತ ಪ್ಯಾಲೆಸ್ಟೀನ್ ‘ರಾಷ್ಟ್ರ’ ಎಂಬ ಪದ ಬಳಸಿದರು, ರಾಬಿನ್ ಬಳಸಲಿಲ್ಲ, ಆದ್ದರಿಂದ ನೆತನ್ಯಾಹು ಮುಂದಿದ್ದರು ಎಂದು. ಪದದ ಬೆಲೆ ಕಾಲಕ್ಕೆ ತಕ್ಕಂತೆ ಇಳಿಯುತ್ತದೆ. 1995ರಲ್ಲಿ ಇಸ್ರೇಲಿನ ಪ್ರಧಾನಿಗಳಲ್ಲಿ ಯಾರೂ ಆಡದಿದ್ದ ಪದ 2009ಕ್ಕೆ ಅಮೆರಿಕದ ಅಧಿಕೃತ ನೀತಿಯಾಗಿತ್ತು. ಇಬ್ಬರನ್ನು ಹೋಲಿಸಲೇಬೇಕೆಂದರೆ ಪದ ಬಿಟ್ಟು, ಹಸ್ತಾಂತರವಾದ ನೆಲ ಮತ್ತು ಅಧಿಕಾರವನ್ನು ಹೋಲಿಸಿ.

ಪ್ಯಾಲೆಸ್ಟೀನಿಯರ ದನಿ ಇಲ್ಲದೆ ನಡೆಯುವ ಚರ್ಚೆ ಕುಂಟುತ್ತದೆ. ಪಿಎಲ್‌ಒ 1988ರ ನವೆಂಬರ್ 15ರಂದು ಅಲ್ಜಿಯರ್ಸ್‌ನಲ್ಲಿ ತನ್ನ ರಾಷ್ಟ್ರವನ್ನು ಘೋಷಿಸಿಕೊಂಡಿತ್ತು. ಅವರ ಪಾಲಿಗೆ ಪ್ರಶ್ನೆ ರಾಬಿನ್ ಏನು ಕೊಟ್ಟರು ಎಂಬುದಾಗಿರಲಿಲ್ಲ, ತಮ್ಮದೇ ಆದದ್ದನ್ನು ಎಷ್ಟು ಹಿಂದಿರುಗಿಸಿದರು ಎಂಬುದಾಗಿತ್ತು. ‘ರಾಬಿನ್ ಕೊಟ್ಟರು’ ಎಂಬ ಕ್ರಿಯಾಪದವನ್ನು ಬಳಸುವಾಗಲೇ ನೀವು ಒಂದು ಪಕ್ಷ ಹಿಡಿದಿರುತ್ತೀರಿ ಎಂಬುದು ಗೊತ್ತಿರಲಿ.

‘ಬದುಕಿದ್ದಿದ್ದರೆ’ ಎಂಬ ಮಾತನ್ನು ಪೂರ್ತಿ ನಿಷೇಧಿಸಲಾಗದು, ಸಭೆಯಿಂದಲೇ ಪ್ರಶ್ನೆ ಬರುತ್ತದೆ. ಮೂರನೇ ಭಾಷಣಕಾರರಿಗೆ ಅದಕ್ಕೆ ಗರಿಷ್ಠ ಒಂದು ನಿಮಿಷ ಕೊಡಿ, ಒಂದು ಷರತ್ತಿನ ಮೇಲೆ: ಊಹೆ ಅಕ್ಟೋಬರ್ 5ರ ನಿಲುವಿನಿಂದಲೇ ಆರಂಭವಾಗಬೇಕು, ಅಲ್ಲಿಂದ ಯಾವ ಒತ್ತಡ ಅವರನ್ನು ಎತ್ತ ತಳ್ಳುತ್ತಿತ್ತು ಎಂದು ಹೆಸರಿಸಬೇಕು. ಇಸ್ರೇಲಿನ 1996ರ ಚುನಾವಣೆ ಹೇಗೂ ಬರಲಿತ್ತು ಎಂಬುದನ್ನು ಮರೆತ ಊಹೆಗೆ ಅಂಕವಿಲ್ಲ.

ನಿರ್ಣಾಯಕರು 100ರಲ್ಲಿ 40 ಅಂಕ ದಾಖಲೆಯ ನಿಖರತೆಗೆ, 30 ಎದುರಾಳಿಯ ಬಲವಾದ ವಾದವನ್ನು ಎದುರಿಸಿದ್ದಕ್ಕೆ, 20 ವಾದದ ಕಟ್ಟಡಕ್ಕೆ, 10 ಮಾತುಗಾರಿಕೆಗೆ ಇಡಲಿ. ಹತ್ಯೆಯಾದ ನಾಯಕನ ಬಗ್ಗೆ ಚೆನ್ನಾಗಿ ಮಾತಾಡುವವರಿಗೆ ಸಭೆ ಬೇಗ ಕರಗುತ್ತದೆ. ಮಾತುಗಾರಿಕೆಗೆ ಹತ್ತೇ ಅಂಕ ಇಡುವುದು ಅದಕ್ಕಾಗಿ.