ನೆರಳು ಹಿಡಿದು ನಡೆಯುವುದು

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತಾರೆ. ಏರ್ಪಾಡು ಒಳ್ಳೆಯದೇ. ಆದರೆ ಒಂದೂವರೆಗೆ ಕಡತ ಕಟ್ಟಿಟ್ಟು ಬಸ್ ನಿಲ್ದಾಣದತ್ತ ಹೊರಟವರ ಪಾಡು ನೋಡಿ: ಡಾಂಬರು ಕಾದಿರುತ್ತದೆ, ಸೂರ್ಯ ನೆತ್ತಿ ಬಿಟ್ಟು ಇಳಿದಿರುವುದಿಲ್ಲ, ಗಾಳಿಯ ಕಾವು ಇನ್ನೂ ಏರುತ್ತಲೇ ಇರುತ್ತದೆ. ‘ಮಧ್ಯಾಹ್ನ ಹೊರಗೆ ಕಾಲಿಡಬೇಡಿ’ ಎಂಬ ಮಾತು ಮನೆಯಲ್ಲಿ ಕುಳಿತಿರಬಲ್ಲವರಿಗೆ ಸರಿ. ನಡೆಯದೆ ಗತಿಯಿಲ್ಲದವರಿಗಾಗಿ ಈ ಬರಹ.

ಮೊದಲು ಹೊತ್ತು ನೋಡಿ

ದಿನದ ತಂಪು ಹೊತ್ತು ಸೂರ್ಯ ಹುಟ್ಟುವ ಆಸುಪಾಸಿನದು. ಅತಿ ಬಿಸಿ ಹೊತ್ತು ಹನ್ನೆರಡು ಗಂಟೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಕಾದ ನೆಲ ಗಾಳಿಯನ್ನು ಕಾಯಿಸಲು ಸಮಯ ಹಿಡಿಯುವುದರಿಂದ ಉಷ್ಣಾಂಶ ತುದಿ ಮುಟ್ಟುವುದು ಸುಮಾರು ಮೂರು ಗಂಟೆಗೆ. ಹನ್ನೆರಡು ದಾಟಿತು, ಇನ್ನು ಕಡಿಮೆಯಾಗುತ್ತದೆ ಎಂದುಕೊಂಡು ಎರಡಕ್ಕೆ ಹೊರಡುವವರು ಸರಿಯಾಗಿ ಉರಿಯ ಬಾಯಿಗೇ ಬೀಳುತ್ತಾರೆ.

ಗಡಿಯಾರಕ್ಕಿಂತ ನಂಬಬಹುದಾದ ಅಳತೆಯೊಂದು ಕಾಲಬುಡದಲ್ಲೇ ಇದೆ. ನಿಮ್ಮ ನೆರಳು ನಿಮಗಿಂತ ಉದ್ದವಾಗಿದ್ದರೆ ಬಿಸಿಲು ಓರೆಯಾಗಿ ಬೀಳುತ್ತಿದೆ, ನಡೆಯಬಹುದು. ನೆರಳು ನಿಮಗಿಂತ ಗಿಡ್ಡವಾದರೆ ಬಿಸಿಲು ಬಲಿತಿದೆ ಎಂದರ್ಥ. ಮೇ ತಿಂಗಳ ಕಲಬುರಗಿಯಲ್ಲಿ ಇದು ಸುಮಾರು 9.20ರಿಂದ 3.20ರವರೆಗಿನ ಅವಧಿ. ಆದರೆ ನೆರಳು ಸೂರ್ಯನನ್ನಷ್ಟೇ ಅಳೆಯುತ್ತದೆ, ಗಾಳಿಯನ್ನಲ್ಲ. ನಾಲ್ಕಕ್ಕೆ ನೆರಳು ಉದ್ದವಾಗಿದ್ದರೂ ಧಗೆ ಹಾಗೆಯೇ ಇರುತ್ತದೆ. ವಾಯುವಿಹಾರದಂಥ ಮುಂದೂಡಬಹುದಾದ ನಡಿಗೆ ಬೆಳಗಿನದೇ ಆಗಲಿ. ಸಂಜೆ ಏಳಕ್ಕೂ ಶಹಾಬಾದ್ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ನೋಡಿ, ಹಗಲು ಕುಡಿದ ಬಿಸಿಯನ್ನು ಅದು ಇನ್ನೂ ಹೊರಗೆ ಬಿಡುತ್ತಿರುತ್ತದೆ.

ಯುಗಾದಿಗೆಂದು ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆಯುವ ನಮ್ಮ ಭಾಗದ ಭಕ್ತರು ಈ ಲೆಕ್ಕವನ್ನು ಯಾರಿಂದಲೂ ಕೇಳಿ ಕಲಿತವರಲ್ಲ. ನಸುಕಿನಲ್ಲಿ ಹೊರಟು, ಬಿಸಿಲೇರಿದಾಗ ಯಾವುದಾದರೂ ಮರದಡಿಯೋ ದಾಸೋಹದ ಪೆಂಡಾಲಿನಲ್ಲೋ ಒರಗಿ, ಹೊತ್ತಿಳಿದ ಮೇಲೆ ಮತ್ತೆ ಎದ್ದು ನಡೆಯುತ್ತಾರೆ. ನೂರಾರು ಕಿಲೋಮೀಟರ್ ಸಾಗುವುದು ಹೀಗೆ ನಿಂತು ನಿಂತೇ.

ರಸ್ತೆಯ ಯಾವ ಬದಿ?

ಹತ್ತಿರದ ದಾರಿಗಿಂತ ನೆರಳಿನ ದಾರಿ ಮೇಲು, ಐದು ನಿಮಿಷ ಹೆಚ್ಚಾದರೂ ಸರಿ. ಉತ್ತರ–ದಕ್ಷಿಣವಾಗಿ ಹಾಯುವ ರಸ್ತೆಯಲ್ಲಿ ಬೆಳಿಗ್ಗೆ ಪೂರ್ವದ ಬದಿಯ ಕಟ್ಟಡಗಳ ಬುಡದಲ್ಲಿ ನೆರಳಿರುತ್ತದೆ, ಮಧ್ಯಾಹ್ನದ ನಂತರ ಪಶ್ಚಿಮದ ಬದಿಯಲ್ಲಿ. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ನಡು ಮಧ್ಯಾಹ್ನ ಈ ಉಪಾಯ ನಡೆಯದು. ಮೇ ಎರಡನೆಯ ವಾರದ ಹೊತ್ತಿಗೆ ಕಲಬುರಗಿಯಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಗೋಡೆಯ ನೆರಳು ಗೋಡೆಯ ಬುಡಕ್ಕೇ ಸೇರಿಬಿಡುತ್ತದೆ. ಆಗ ಬೇವಿನ ಮರವೇ ಗತಿ. ಸುತ್ತೆಲ್ಲ ಒಣಗಿದ ಕಾಲದಲ್ಲೂ ಬೇವು ಹಸಿರಾಗಿ ನಿಂತಿರುತ್ತದೆ. ಅದರ ಕೆಳಗೆ ಎರಡು ನಿಮಿಷ ನಿಂತು ಮುಂದೆ ಹೋಗಿ.

ಪತ್ರಿಕೆಯಲ್ಲಿ ಬರುವ ‘42 ಡಿಗ್ರಿ’ ಎಂಬುದು ಬಿಳಿ ಬಣ್ಣದ, ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕಡಿ ಮೇಲೆ ಅಳೆದ ನೆರಳಿನ ಉಷ್ಣಾಂಶ. ಬಿಸಿಲಿಗೆ ಒಡ್ಡಿಕೊಂಡ ಡಾಂಬರು 60 ಡಿಗ್ರಿಯನ್ನೂ ದಾಟಬಲ್ಲದು. ಕೈಹಿಡಿದು ನಡೆಸುತ್ತಿರುವ ಮಗು ಆ ಕಾವಿಗೆ ನಿಮಗಿಂತ ಹತ್ತಿರದಲ್ಲಿದೆ ಎಂಬುದು ನೆನಪಿರಲಿ.

ಮೈ ಮುಚ್ಚಿ, ತಲೆ ಒದ್ದೆ ಮಾಡಿ

ಸೆಕೆ ಎಂದು ತೋಳಿಲ್ಲದ ಬಟ್ಟೆ ಹಾಕಿಕೊಂಡು ಹೊರಡುವುದು ನಮ್ಮ ಒಣಬಿಸಿಲಿಗೆ ಹೊಂದುವುದಿಲ್ಲ. ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾಗಿದ್ದಾಗ ಬೀಸುವ ಪ್ರತಿ ಝಳವೂ ಮೈಗೆ ಕಾವನ್ನು ತುಂಬುತ್ತದೆ. ಹೊಲದ ರೈತ ಉದ್ದ ತೋಳಿನ ಅಂಗಿ, ಧೋತರ, ತಲೆಗೆ ರುಮಾಲು ಸುತ್ತುವುದು ಸುಮ್ಮನೆ ಅಲ್ಲ. ಸಡಿಲವಾದ, ತೆಳು ಬಣ್ಣದ, ತೋಳು ಮುಚ್ಚುವ ಹತ್ತಿ ಬಟ್ಟೆ ಇರಲಿ. ತಲೆಗೆ ವಸ್ತ್ರವನ್ನು ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿಕೊಳ್ಳಿ. ನೀರು ಆರುವಾಗ ಮೈಯ ಕಾವನ್ನು ಎಳೆದುಕೊಂಡು ಹೋಗುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಮಂಗಳೂರಿನಲ್ಲಿ ಇದು ಇಷ್ಟು ಚೆನ್ನಾಗಿ ಕೆಲಸ ಮಾಡದು. ಅಲ್ಲಿ ಉಷ್ಣಾಂಶ ಕಡಿಮೆ ಇದ್ದರೂ ಗಾಳಿ ಮೊದಲೇ ತೇವವಾಗಿರುವುದರಿಂದ ಬೆವರು ಆರದೆ ಸುರಿಯುತ್ತದೆ. ಕರಾವಳಿಯವರು ನಡಿಗೆಯ ವೇಗವನ್ನೇ ತಗ್ಗಿಸಬೇಕು.

ಇನ್ನು ಛತ್ರಿ. ಮಳೆಯಿಲ್ಲದೆ ಛತ್ರಿ ಬಿಚ್ಚಲು ಗಂಡಸರಿಗೆ ಏನೋ ಸಂಕೋಚ. ನನಗೂ ಇತ್ತು. ಒಂದು ಮೇ ತಿಂಗಳು ಹೆಂಡತಿಯ ಹೂವಿನ ಛತ್ರಿ ಹಿಡಿದು ಸಂತೆಗೆ ಹೋಗಿ ಬಂದ ಮೇಲೆ ಅದು ಹೋಯಿತು. ನಿಮ್ಮ ಜೊತೆಗೇ ನಡೆದು ಬರುವ ನೆರಳು ಅದೊಂದೇ. ಕಪ್ಪು ಬಣ್ಣದ್ದಾದರೂ ಅಡ್ಡಿಯಿಲ್ಲ.

ಕಾಲಿಗೆ ದಪ್ಪ ಅಟ್ಟೆಯ, ಬೆರಳು ಬಿಗಿಯದ ಚಪ್ಪಲಿ ಅಥವಾ ಬೂಟು. ಬಿಸಿಲಿನಲ್ಲಿ ನಡೆದರೆ ಪಾದ ಊದುತ್ತದೆ, ಆದ್ದರಿಂದ ಹೊಸದನ್ನು ಸಂಜೆ ಹೋಗಿ ಕೊಳ್ಳಿ.

ನೀರು ಮತ್ತು ಉಪ್ಪು

ಬಾಯಾರಿಕೆ ತಡವಾಗಿ ಬರುತ್ತದೆ. ಮನೆ ಬಿಡುವ ಮೊದಲೇ ಒಂದು ದೊಡ್ಡ ಲೋಟ ಕುಡಿಯಿರಿ. ದಾರಿಯಲ್ಲಿ ಹದಿನೈದು–ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ಸಾಕು. ಒಂದೇ ಸಲ ಲೀಟರುಗಟ್ಟಲೆ ಸುರಿದುಕೊಳ್ಳಬೇಡಿ. ಬೆವರಿನಲ್ಲಿ ಉಪ್ಪು ಹೋಗಿರುವಾಗ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಬರುತ್ತವೆ. ಒಂದು ಗಂಟೆಗೂ ಮೀರಿ ನಡೆಯುವುದಿದ್ದರೆ ಉಪ್ಪು ಹಾಕಿದ ಮಜ್ಜಿಗೆಯೋ ನಿಂಬೆ ಪಾನಕವೋ ಜೊತೆಗಿರಲಿ. ಸುಸ್ತಾದಾಗ ಕೊಡಲು ಮನೆಯಲ್ಲೇ ಮಾಡಬಹುದಾದ ದ್ರಾವಣ ಹೀಗಿದೆ: ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆಯಿರಬಾರದು, ಸಪಾಟಾಗಿರಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ನೀರು–ಉಪ್ಪಿನ ಪ್ರಮಾಣವನ್ನು ತಮ್ಮ ವೈದ್ಯರನ್ನೇ ಕೇಳಬೇಕು.

ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ರೊಟ್ಟಿಯ ಜೊತೆಗೆ ತಿನ್ನಲು ಅದು ಚೆಂದ. ಜೇಬಿನಲ್ಲಿ ಕುಳಿತು ಏನನ್ನೂ ಮಾಡದು.

ಮೈ ಹದಗೊಳ್ಳಲು ಬಿಡಿ

ಬೆಂಗಳೂರಿನಿಂದ ರಜೆಗೆ ಬಂದ ತಮ್ಮ ಮೊದಲ ದಿನವೇ ಊರವರ ವೇಗಕ್ಕೆ ನಡೆಯಲಾರ. ದೇಹ ಬಿಸಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆಗ ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಹದಿನೈದು ನಿಮಿಷದಿಂದ ಆರಂಭಿಸಿ ದಿನದಿನಕ್ಕೆ ಹೆಚ್ಚಿಸಿ. ಪಕ್ಕದವರೊಡನೆ ಏದುಸಿರಿಲ್ಲದೆ ಮಾತನಾಡಲು ಆಗುತ್ತಿಲ್ಲವೆಂದರೆ ವೇಗ ಹೆಚ್ಚಾಯಿತು. ಜ್ವರ, ಭೇದಿ ಬಂದು ಎದ್ದವರು ಕೆಲವು ದಿನ ಸುಮ್ಮನಿರಲಿ.

ತಲೆ ಸುತ್ತಿದರೆ

ಮೀನಖಂಡ ಹಿಡಿದುಕೊಳ್ಳುವುದು, ತಲೆನೋವು, ವಾಕರಿಕೆ, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ನಿಲ್ಲಿ. ‘ಮನೆ ಇಲ್ಲೇ ಇದೆ’ ಎಂದು ಎಳೆದುಕೊಂಡು ಹೋಗಬೇಡಿ. ಯಾವುದಾದರೂ ಅಂಗಡಿಯ ನೆರಳಿಗೆ ಸರಿದು, ಕುಳಿತು, ಬಟ್ಟೆ ಸಡಿಲಿಸಿ, ಮುಖ–ಕುತ್ತಿಗೆಗೆ ನೀರು ಹಾಕಿಕೊಂಡು ಗುಟುಕು ಗುಟುಕಾಗಿ ಕುಡಿಯಿರಿ.

ಜೊತೆಯವರು ತೊದಲುತ್ತಿದ್ದರೆ, ಅಸಂಬದ್ಧವಾಗಿ ಮಾತನಾಡಿದರೆ, ತೂರಾಡಿದರೆ ಅದು ಸುಸ್ತಲ್ಲ, ಉಷ್ಣಾಘಾತ. ಮೈಯ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿರಬಹುದು. ಚರ್ಮ ಒಣಗಿರಲೇಬೇಕೆಂದಿಲ್ಲ, ನಡೆದು ಬಿದ್ದವರು ಬೆವರುತ್ತಲೂ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ, ಎದುರಿಗಿರುವ ಅಂಗಡಿಯ ಫಲಕವನ್ನೇ ಓದಿ ಗುರುತು ಹೇಳಿ. ಜ್ವರದ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬೇಡಿ, ಉಸಿರುನಾಳಕ್ಕೆ ಹೋಗುತ್ತದೆ, ಮಗ್ಗುಲಿಗೆ ಹೊರಳಿಸಿ. ಪಕ್ಕದ ಹೋಟೆಲಿನಿಂದ ಕೊಡಗಟ್ಟಲೆ ನೀರು ತರಿಸಿ ಮೈಮೇಲೆ ಸುರಿಯಿರಿ, ಒಬ್ಬರು ರಟ್ಟು ಹಿಡಿದು ಗಾಳಿ ಬೀಸಲಿ, ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಆಂಬುಲೆನ್ಸ್ ಬಂದು ನಿಲ್ಲುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.